ಯೂರಿಕ್ ಆಸಿಡ್: ಹೆಂಗಸರ ಚೀಟಿಯನ್ನು ಬೇರೆಯಾಗಿ ಓದಬೇಕು



ಮಂಡಿ ನೋವು, ಪಾದದ ನೋವು ಅಂತ ಆಸ್ಪತ್ರೆಗೆ ಹೋದರೆ ಈಗ ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ಚಾಮರಾಜನಗರದಲ್ಲೂ ಅಷ್ಟೆ, ಗುಂಡ್ಲುಪೇಟೆಯಲ್ಲೂ ಅಷ್ಟೆ. ಸಂಜೆ ಹೊತ್ತಿಗೆ ಲ್ಯಾಬಿನ ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಒಂದು ಸಾಲು, ಯೂರಿಕ್ ಆಸಿಡ್. ಅದರ ಮುಂದೆ ಒಂದು ಅಂಕಿ. ಆರೋ, ಏಳೋ, ಎಂಟೋ. ಅಂಕಿ ಹೆಚ್ಚಿದ್ದರೆ ಮನೆಯಲ್ಲಿ ಗಾಬರಿ. ಮಾರನೆಯ ದಿನದಿಂದ ಬೇಳೆ ಬೇಡ, ಹುರುಳಿ ಸಾರು ಬೇಡ, ಸೊಪ್ಪು ಬೇಡ.

ಇವತ್ತು ಆ ಅಂಕಿಯ ಬಗ್ಗೆಯೇ ನನ್ನ ಮಾತು. ಆದರೆ ಮಂಡಿಯ ವಿಷಯವನ್ನು ಬದಿಗಿಟ್ಟು, ರಕ್ತನಾಳದ ವಿಷಯ ಹೇಳುತ್ತೇನೆ. ಗಂಡಸಿನ ಚೀಟಿಯಲ್ಲಿ 6 ಅಂತ ಬಂದರೆ ಅದಕ್ಕೆ ಒಂದು ಅರ್ಥ. ಐವತ್ತು ದಾಟಿದ ಹೆಂಗಸಿನ ಚೀಟಿಯಲ್ಲಿ ಅದೇ 6 ಬಂದರೆ ಅರ್ಥ ಬೇರೆ. ಈ ವ್ಯತ್ಯಾಸವನ್ನು ನೀವೆಲ್ಲರೂ ತಿಳಿದುಕೊಳ್ಳಬೇಕು, ಅದರಲ್ಲೂ ಮನೆಯ ಹೆಣ್ಣುಮಕ್ಕಳು ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ.

ಮೊದಲು, ಯೂರಿಕ್ ಆಸಿಡ್ ಅಂದರೆ ಏನು? ಅದು ಎಲ್ಲರ ರಕ್ತದಲ್ಲೂ ಇರುವ ವಸ್ತು. ನಮ್ಮ ಮೈಯ ಜೀವಕೋಶಗಳು ದಿನವೂ ಸಾಯುತ್ತವೆ, ದಿನವೂ ಹೊಸದಾಗಿ ಹುಟ್ಟುತ್ತವೆ. ಸತ್ತ ಜೀವಕೋಶದ ಒಳಗೆ ಪ್ಯೂರಿನ್ ಎಂಬ ಪದಾರ್ಥ ಇರುತ್ತದೆ. ಅದು ಒಡೆದು ಕೊನೆಗೆ ಯೂರಿಕ್ ಆಸಿಡ್ ಆಗುತ್ತದೆ. ನಾವು ತಿನ್ನುವ ಆಹಾರದಿಂದಲೂ ಸ್ವಲ್ಪ ಬರುತ್ತದೆ. ಹೆಚ್ಚು ಪಾಲು ನಮ್ಮ ಮೈಯದೇ, ಆಹಾರದ ಪಾಲು ಸುಮಾರು ಮೂರರಲ್ಲಿ ಒಂದು. ಹೀಗೆ ಆದದ್ದರಲ್ಲಿ ಮೂರನೇ ಎರಡು ಭಾಗವನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಉಳಿದದ್ದು ಕರುಳಿನ ದಾರಿಯಲ್ಲಿ ಹೋಗುತ್ತದೆ. ನಾಯಿಗೆ, ದನಕ್ಕೆ ಇದನ್ನು ಇನ್ನೂ ಮುಂದಕ್ಕೆ ಒಡೆಯುವ ಒಂದು ಕಿಣ್ವ ಇದೆ. ಮನುಷ್ಯನಿಗೆ ಅದು ಇಲ್ಲ. ಆದ್ದರಿಂದ ನಮ್ಮ ರಕ್ತದಲ್ಲಿ ಇದರ ಮಟ್ಟ ಆ ಪ್ರಾಣಿಗಳಿಗಿಂತ ಹೆಚ್ಚು.

ಗಂಡಸರಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ ಸುಮಾರು 7 ಮಿಲಿಗ್ರಾಂವರೆಗೆ ಸರಿ ಅನ್ನುತ್ತಾರೆ. ಹೆಂಗಸರಲ್ಲಿ ಸುಮಾರು 6ರವರೆಗೆ. ಅಂಕಿ 7ರ ಹತ್ತಿರ ಬಂದಾಗ ಅದು ರಕ್ತದಲ್ಲಿ ಪೂರ್ತಿ ಕರಗದೆ ಹರಳುಗಟ್ಟಬಹುದು. ಹರಳು ಕೀಲಿನಲ್ಲಿ ಕೂತರೆ ಗೌಟ್. ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಊದಿ, ಬೆಡ್‌ಶೀಟು ತಗುಲಿದರೂ ಜೀವ ಹೋಗುವಂಥ ನೋವು. ಹರಳು ಮೂತ್ರಪಿಂಡದಲ್ಲಿ ಕೂತರೆ ಕಲ್ಲು. ಆದರೆ ಅಂಕಿ ಹೆಚ್ಚಿರುವ ಹೆಚ್ಚಿನ ಜನರಿಗೆ ಗೌಟೂ ಬರುವುದಿಲ್ಲ, ಕಲ್ಲೂ ಆಗುವುದಿಲ್ಲ. ಮೆಟ್ಟಿಲು ಹತ್ತುವಾಗ ಬರುವ ಮಂಡಿ ನೋವು ಬಹುಪಾಲು ಸವೆತದ್ದು. ಅದನ್ನು ಯೂರಿಕ್ ಆಸಿಡ್ ತಲೆಗೆ ಕಟ್ಟುವುದು ತಪ್ಪು.

ಇಷ್ಟು ಹೊತ್ತು ಹೇಳಿದ್ದು ಇದು. ಯೂರಿಕ್ ಆಸಿಡ್ ಎಲ್ಲರಲ್ಲೂ ಇದೆ, ಮೈಯೇ ಅದನ್ನು ಮಾಡುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಇನ್ನು ರಕ್ತನಾಳಕ್ಕೆ ಬರೋಣ.

ಹೃದಯದಿಂದ ಶುದ್ಧ ರಕ್ತ ಒಯ್ಯುವ ನಾಳಕ್ಕೆ ಅಪಧಮನಿ ಅನ್ನುತ್ತೇವೆ. ಎಳೆ ವಯಸ್ಸಿನಲ್ಲಿ ಅದರ ಗೋಡೆ ಮೆದುವಾಗಿ, ಎಳೆದರೆ ಹಿಗ್ಗುವಂತೆ ಇರುತ್ತದೆ. ವಯಸ್ಸಾದಂತೆ ಪೆಡಸಾಗುತ್ತದೆ. ಗುಂಡ್ಲುಪೇಟೆಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್ಲಿನ ಮೋಟಾರು ಹಾಕಿದ ಕ್ಷಣ ಹೊಸ ರಬ್ಬರ್ ಪೈಪು ಸ್ವಲ್ಪ ಉಬ್ಬಿ ನೀರಿನ ಹೊಡೆತವನ್ನು ತಾನೇ ತಾಳಿಕೊಳ್ಳುತ್ತದೆ. ಬಿಸಿಲಿಗೆ ಒಣಗಿ ಪೆಡಸಾದ ಹಳೆಯ ಪೈಪು ಉಬ್ಬುವುದಿಲ್ಲ. ಹೊಡೆತ ನೇರವಾಗಿ ತುದಿಗೇ ಹೋಗುತ್ತದೆ. ಮೈಯಲ್ಲಿ ಆ ತುದಿ ಅಂದರೆ ಮಿದುಳಿನ, ಕಣ್ಣಿನ, ಮೂತ್ರಪಿಂಡದ ಕೂದಲೆಳೆಯಂಥ ನಾಳಗಳು. ಅವು ಆ ಹೊಡೆತವನ್ನು ತಡೆಯಲಾರವು.

ಪೆಡಸುತನವನ್ನು ಅಳೆಯುವುದು ಹೇಗೆ? ಹೃದಯ ಒಂದು ಸಲ ಬಡಿದಾಗ ನಾಳದ ಗೋಡೆಯ ಮೇಲೆ ಒಂದು ಅಲೆ ಓಡುತ್ತದೆ. ಮಣಿಕಟ್ಟಿನಲ್ಲಿ ನಾಡಿ ಹಿಡಿದಾಗ ಬೆರಳಿಗೆ ತಟ್ಟುವುದು ಆ ಅಲೆಯೇ. ಕತ್ತಿನಲ್ಲಿ ಒಂದು ಸಂವೇದಕ, ತೊಡೆಸಂದಿನಲ್ಲಿ ಇನ್ನೊಂದು ಇಡುತ್ತಾರೆ. ಎರಡರ ನಡುವೆ ಸುಮಾರು ಅರ್ಧ ಮೀಟರ್ ದೂರ. ಮೆದುವಾದ ನಾಳದಲ್ಲಿ ಅಲೆ ಸೆಕೆಂಡಿಗೆ 5ರಿಂದ 6 ಮೀಟರ್ ಓಡುತ್ತದೆ. ಪೆಡಸಾದ ನಾಳದಲ್ಲಿ 10 ಮೀಟರ್, ಅದಕ್ಕೂ ಹೆಚ್ಚು. ನಾಳ ಪೆಡಸಾದಷ್ಟೂ ಅಲೆಯ ಓಟ ಜೋರು. ಸೆಕೆಂಡಿಗೆ 10 ಮೀಟರ್ ದಾಟಿದರೆ ಎಚ್ಚರ ಬೇಕು ಎಂದು ತಜ್ಞರು 2012ರಲ್ಲಿ ಒಂದು ಗಡಿ ಹಾಕಿದರು. ನಮ್ಮ ದೇಶದಲ್ಲೇ, ಮದ್ರಾಸ್ ಐಐಟಿಯ ಆರೋಗ್ಯ ತಂತ್ರಜ್ಞಾನ ಕೇಂದ್ರದವರು ಆರ್ಟ್‌ಸೆನ್ಸ್ ಎಂಬ ಸಾಧನ ಮಾಡಿದ್ದಾರೆ. ಕತ್ತಿನ ಮೇಲೆ ಇಟ್ಟರೆ ನಾಳದ ಪೆಡಸುತನವನ್ನು ಅದು ತಿಳಿಸುತ್ತದೆ.

ಇಂಥ ಯಂತ್ರ ಎಲ್ಲ ಊರಿಗೂ ಬಂದಿಲ್ಲ. ಬೇಸರಪಡಬೇಡಿ. ನಿಮ್ಮ ಆರೋಗ್ಯ ಉಪಕೇಂದ್ರದಲ್ಲಿ ಇರುವ ಬಿಪಿ ಯಂತ್ರವೇ ಒಂದು ಸುಳಿವು ಕೊಡುತ್ತದೆ. ಬಿಪಿಯಲ್ಲಿ ಎರಡು ಅಂಕಿ. ಮೇಲಿನದು, ಕೆಳಗಿನದು. ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ. 120 ಮತ್ತು 80 ಇದ್ದರೆ ಅಂತರ 40. ಅದು ಸರಿ. 160 ಮತ್ತು 80 ಇದ್ದರೆ ಅಂತರ 80. ವಯಸ್ಸಾದವರಲ್ಲಿ ಈ ಅಂತರ 60 ದಾಟಿದರೆ ನಾಳ ಪೆಡಸಾಗಿರಬಹುದು. ಕೆಳಗಿನ ಅಂಕಿ ಸರಿ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವವರು ಬಹಳ ಜನ. ಪೆಡಸಾದ ನಾಳದಲ್ಲಿ ಕೆಳಗಿನ ಅಂಕಿ ಸರಿಯಾಗಿಯೇ ಕಾಣುತ್ತದೆ, ಕೆಲವರಲ್ಲಿ ಇಳಿದೂ ಇರುತ್ತದೆ. ಏರುವುದು ಮೇಲಿನದು ಮಾತ್ರ.

ಈಗ ನಿಮ್ಮ ಹತ್ತಿರ ಎರಡು ಅಂಕಿಗಳಿವೆ. ಒಂದು ಯೂರಿಕ್ ಆಸಿಡ್‌ನದು. ಇನ್ನೊಂದು ಬಿಪಿಯ ಅಂತರ. ಇವೆರಡಕ್ಕೂ ನಂಟು ಇದೆಯೇ?

ನಂಟು ಇರಬಹುದು ಅನ್ನುವುದಕ್ಕೆ ಕಾರಣಗಳಿವೆ. ನಾಳದ ಒಳಗೋಡೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹುಟ್ಟಿಸುತ್ತದೆ. ನಾಳವನ್ನು ಸಡಿಲ ಮಾಡುವುದು ಅದರ ಕೆಲಸ. ಇದನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ಯೂರಿಕ್ ಆಸಿಡ್ ಹೆಚ್ಚಾಗಿ ಜೀವಕೋಶದ ಒಳಗೆ ಸೇರಿದರೆ ಆ ಅನಿಲದ ಹುಟ್ಟುವಳಿ ಕಡಿಮೆಯಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ನಾಳದ ಗೋಡೆಯ ಸ್ನಾಯು ದಪ್ಪವಾಗುವುದೂ ಕಂಡಿದೆ. ಇದೇ ಯೂರಿಕ್ ಆಸಿಡ್ ರಕ್ತದ ದ್ರವದಲ್ಲಿ ಇರುವಾಗ ರಕ್ಷಕನ ಕೆಲಸವನ್ನೂ ಮಾಡುತ್ತದೆ. ಆದ್ದರಿಂದ ಅದನ್ನು ಬರೀ ವಿಷ ಅಂತ ಕರೆಯುವುದು ನ್ಯಾಯವಲ್ಲ.

ಮನುಷ್ಯರ ಮೇಲಿನ ಅಧ್ಯಯನಗಳು ಏನು ಹೇಳಿವೆ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಜನರ ಹೃದಯವನ್ನು ಗಮನಿಸುತ್ತಾ ಬಂದಿದ್ದಾರೆ. 1999ರಲ್ಲಿ ಅಲ್ಲಿನ ಸುಮಾರು 6,800 ಜನರ ಲೆಕ್ಕ ಹೊರಬಂತು. ವಯಸ್ಸನ್ನು ಮಾತ್ರ ಲೆಕ್ಕಕ್ಕೆ ಹಿಡಿದಾಗ ಗಂಡಸರಲ್ಲಿ ಯೂರಿಕ್ ಆಸಿಡ್‌ಗೂ ಹೃದ್ರೋಗಕ್ಕೂ ನಂಟು ಸಿಗಲಿಲ್ಲ. ಹೆಂಗಸರಲ್ಲಿ ಸಿಕ್ಕಿತು. ಆಮೇಲೆ ಬಿಪಿ, ಸಕ್ಕರೆ, ಮಾತ್ರೆಗಳನ್ನೂ ಲೆಕ್ಕಕ್ಕೆ ತಂದಾಗ ಹೆಂಗಸರಲ್ಲಿದ್ದ ನಂಟೂ ಮಾಯವಾಯಿತು. ಮರುವರ್ಷ ಅಮೆರಿಕದ್ದೇ ಇನ್ನೊಂದು ಅಧ್ಯಯನ. ಸುಮಾರು 6,000 ಜನ, ಸುಮಾರು 16 ವರ್ಷದ ಲೆಕ್ಕ. ಅಲ್ಲಿ ನಂಟು ಉಳಿಯಿತು. ಯೂರಿಕ್ ಆಸಿಡ್ 1 ಮಿಲಿಗ್ರಾಂ ಏರಿದಾಗ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಗಂಡಸರಲ್ಲಿ ಶೇಕಡ 10ಕ್ಕಿಂತ ಸ್ವಲ್ಪ ಕಡಿಮೆ ಏರಿತು. ಹೆಂಗಸರಲ್ಲಿ ಶೇಕಡ 26ರಷ್ಟು ಏರಿತು.

ನಾಳದ ಪೆಡಸುತನವನ್ನೇ ಅಳೆದ ಅಧ್ಯಯನಗಳು ಚೀನಾ, ಜಪಾನ್, ಕೊರಿಯಾ, ಯುರೋಪುಗಳಿಂದ ಬಂದಿವೆ. ಕೆಲವಲ್ಲಿ ನಂಟು ಹೆಂಗಸರಲ್ಲಿ ಮಾತ್ರ ಕಂಡಿದೆ. ಕೆಲವಲ್ಲಿ ಗಂಡಸರಲ್ಲಿ ಮಾತ್ರ. ಕೆಲವಲ್ಲಿ ಇಬ್ಬರಲ್ಲೂ. ಇದು ವಿಜ್ಞಾನದ ಗೊಂದಲ ಅಂತ ಕೈಬಿಡಬೇಕಾಗಿಲ್ಲ. ನನ್ನ ತಿಳಿವಳಿಕೆ ಇಷ್ಟು. ಹೆಂಗಸರನ್ನೆಲ್ಲ ಒಂದೇ ಗುಂಪು ಅಂತ ಎಣಿಸಿದರೆ ಉತ್ತರ ಕಲಸಿಹೋಗುತ್ತದೆ. ಮೂವತ್ತರ ಸೊಸೆಯನ್ನೂ ಅರವತ್ತರ ಅತ್ತೆಯನ್ನೂ ಒಂದೇ ಸಾಲಿನಲ್ಲಿ ಬರೆದರೆ ಏನೂ ತಿಳಿಯುವುದಿಲ್ಲ. ಅವರಿಬ್ಬರ ನಡುವೆ ಒಂದು ದೊಡ್ಡ ಬದಲಾವಣೆ ಆಗಿಹೋಗಿದೆ.

ಆ ಬದಲಾವಣೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತನಾಡುತ್ತೇನೆ. ಇದುವರೆಗೆ ಹೇಳಿದ್ದನ್ನು ನೆನಪಿಗೆ ತಂದುಕೊಳ್ಳಿ. ಯೂರಿಕ್ ಆಸಿಡ್ ಮೂತ್ರಪಿಂಡದ ದಾರಿಯಲ್ಲಿ ಹೋಗುತ್ತದೆ. ನಾಳ ವಯಸ್ಸಿನೊಂದಿಗೆ ಪೆಡಸಾಗುತ್ತದೆ. ಇವೆರಡರ ಮೇಲೂ ಕೈ ಇಟ್ಟಿರುವುದು ಹೆಣ್ಣಿನ ಹಾರ್ಮೋನು, ಈಸ್ಟ್ರೋಜನ್.

ಗಂಡುಹುಡುಗರಲ್ಲಿ ಮೀಸೆ ಚಿಗುರುವ ವಯಸ್ಸಿಗೆ ಯೂರಿಕ್ ಆಸಿಡ್ ಏರುತ್ತದೆ. ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಹೆಣ್ಣುಮಕ್ಕಳಲ್ಲಿ ಹಾಗಾಗುವುದಿಲ್ಲ. ಈಸ್ಟ್ರೋಜನ್ ಇರುವ ತನಕ ಮೂತ್ರಪಿಂಡ ಯೂರಿಕ್ ಆಸಿಡನ್ನು ಚೆನ್ನಾಗಿ ಹೊರಹಾಕುತ್ತದೆ. ಆದ್ದರಿಂದ ಅವರ ಅಂಕಿ ಗಂಡಸರಿಗಿಂತ ಸುಮಾರು 1 ಮಿಲಿಗ್ರಾಂ ಕಡಿಮೆ. ಮುಟ್ಟು ನಿಂತ ಮೇಲೆ ಆ ಆಸರೆ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಅಂಕಿ ಗಂಡಸರ ಹತ್ತಿರಕ್ಕೆ ಬರುತ್ತದೆ. ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಗೌಟ್ ಬರುವುದಿಲ್ಲ ಎಂದು ಗ್ರೀಸಿನ ಹಿಪಾಕ್ರಟೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಗಮನಿಸಿದ್ದ.

ನಾಳದ ಕಥೆಯೂ ಹಾಗೆಯೇ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಹೆಂಗಸರ ನಾಳ ಪೆಡಸಾಗುವ ವೇಗ ಏರುತ್ತದೆ. ಅಮೆರಿಕದಲ್ಲಿ ಮಧ್ಯವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಎಂಬ ಅಧ್ಯಯನದಲ್ಲಿ ಇದು ಕಂಡಿದೆ. ಕೊನೆಯ ಮುಟ್ಟಿನ ಹಿಂದಿನ ಒಂದು ವರ್ಷ, ಮುಂದಿನ ಒಂದು ವರ್ಷ, ಆ ಹೊತ್ತಿನಲ್ಲಿ ಏರಿಕೆ ಬಹಳ ಜೋರು.

ಅಂದರೆ ಎರಡೂ ಒಂದೇ ಕಾಲಕ್ಕೆ ನಡೆಯುತ್ತವೆ. ಅತ್ತ ಅಂಕಿ ಏರುತ್ತದೆ, ಇತ್ತ ನಾಳ ಪೆಡಸಾಗುತ್ತದೆ. ಸೊಂಟದ ಸುತ್ತಳತೆಯೂ ಆಗಲೇ ಹೆಚ್ಚುತ್ತದೆ. ಒಂದರಿಂದ ಇನ್ನೊಂದು ಆಯಿತೋ, ಮೂರೂ ಒಂದೇ ಬೇರಿನಿಂದ ಬಂದವೋ, ಅದನ್ನು ವಿಜ್ಞಾನಿಗಳು ಬಿಡಿಸುತ್ತಿದ್ದಾರೆ. ನಮಗೆ ಬೇಕಾದ ತೀರ್ಮಾನಕ್ಕೆ ಅಷ್ಟು ಕಾಯಬೇಕಾಗಿಲ್ಲ. ಇಪ್ಪತ್ತು ವರ್ಷದಿಂದ ಅಂಕಿ 6 ಇರುವ ಗಂಡಸಿಗೆ ಅದು ಅವನ ಮಾಮೂಲು. ನಿನ್ನೆಮೊನ್ನೆವರೆಗೆ 4 ಇದ್ದು ಈಗ 6 ಆದ ಹೆಂಗಸಿಗೆ ಅದು ಸುದ್ದಿ. ಲ್ಯಾಬಿನ ಚೀಟಿಯಲ್ಲಿ ಇಬ್ಬರದ್ದೂ ಗಡಿಯ ಒಳಗೇ ಇದೆ ಅಂತ ಬರುತ್ತದೆ. ಹೆಂಗಸಿನ ಚೀಟಿಯನ್ನು ಅಲ್ಲಿಗೇ ಮಡಚಿ ಇಡಬಾರದು.

ನಮ್ಮ ಕಡೆ ಇದಕ್ಕೆ ಇನ್ನೂ ಒಂದು ಕಾರಣ ಸೇರಿಕೊಳ್ಳುತ್ತದೆ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವುದು ಸುಮಾರು 51ಕ್ಕೆ. ನಮ್ಮ ದೇಶದಲ್ಲಿ ಸರಾಸರಿ 46, 47ಕ್ಕೇ. ಅದಕ್ಕೂ ಮುಂಚೆ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಈಸ್ಟ್ರೋಜನ್ ಅವತ್ತೇ ನಿಂತಂತೆ. ಮೂವತ್ತೆಂಟು ವರ್ಷದ ಹೆಣ್ಣುಮಗಳೂ ಮುಟ್ಟು ನಿಂತವರ ಲೆಕ್ಕಕ್ಕೆ ಬಂದುಬಿಡುತ್ತಾಳೆ. ಆಪರೇಷನ್ ಆದ ಮೇಲೆ ಹೊಲದ ಕೆಲಸಕ್ಕೆ ವಾಪಸು ಹೋದವಳು ಬಿಪಿ ನೋಡಿಸಿಕೊಳ್ಳಲು ಮತ್ತೆ ಆಸ್ಪತ್ರೆಗೆ ಬರುವುದಿಲ್ಲ. ಚೆಂಡುಹೂ ಬಿಡಿಸುವ ಕಾಲ, ಅರಿಶಿನ ಕೀಳುವ ಕಾಲ, ಯಾವಾಗ ಬರಲಿ ಅಂತ ಕೇಳುತ್ತಾಳೆ. ಆ ಕೇಳಿಕೆ ನ್ಯಾಯವಾದದ್ದು. ಆದ್ದರಿಂದಲೇ ಬಿಪಿ ಯಂತ್ರ ಅವಳ ಮನೆಯ ಹತ್ತಿರಕ್ಕೆ ಹೋಗಬೇಕು. ಕರ್ನಾಟಕದಲ್ಲಿ ದೊಡ್ಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಿಪಿ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡಿದೆ. ಹೆಂಗಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೃದಯದ ಕಾಯಿಲೆ ಗಂಡಸರದ್ದು ಅನ್ನುವ ನಂಬಿಕೆ ಇನ್ನೂ ನಮ್ಮಲ್ಲಿ ಗಟ್ಟಿಯಾಗಿದೆ. ಅದನ್ನು ನಾವು ಬಿಡಬೇಕು.

ಇಲ್ಲಿ ನಮ್ಮ ಪಕ್ಕದ ಊರಿನ ಒಂದು ಕೆಲಸವನ್ನು ಹೇಳಲೇಬೇಕು. ಚಾಮರಾಜನಗರ 1997ರವರೆಗೆ ಮೈಸೂರು ಜಿಲ್ಲೆಯಲ್ಲೇ ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ದಶಕಗಳ ಮೇಲೆ ವಿಜ್ಞಾನಿಗಳು ಆ ಪುಸ್ತಕ ತೆರೆದರು. ಆ ಮಕ್ಕಳು ಆಗಲೇ ನಡುವಯಸ್ಸಿಗೆ ಬಂದಿದ್ದರು. ಸುಮಾರು 500 ಗಂಡಸರು, ಹೆಂಗಸರನ್ನು ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು. ಎರಡೂವರೆ ಕಿಲೋ ಒಳಗೆ ಹುಟ್ಟಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರರಲ್ಲಿ ಮೂವರಿಗೆ.

ಯೂರಿಕ್ ಆಸಿಡ್‌ಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾಳವನ್ನು ಮೆದುವಾಗಿ ಇಡುವ ಎಲಾಸ್ಟಿನ್ ಎಂಬ ನಾರು ಬಹುಪಾಲು ಗರ್ಭದಲ್ಲೂ ಎಳೆಗೂಸಿನ ಕಾಲದಲ್ಲೂ ನೇಯ್ದು ಮುಗಿದಿರುತ್ತದೆ. ಆಮೇಲೆ ಹೊಸದಾಗಿ ಹೆಚ್ಚು ಹುಟ್ಟುವುದಿಲ್ಲ. ಮೂತ್ರಪಿಂಡದ ಸೋಸುವ ಗಂಟುಗಳ ಎಣಿಕೆಯೂ ಹುಟ್ಟುವ ಹೊತ್ತಿಗೆ ತೀರ್ಮಾನವಾಗಿರುತ್ತದೆ. ತೂಕ ಕಡಿಮೆ ಇದ್ದ ಮಗುವಿಗೆ ಆ ಗಂಟುಗಳು ಕಡಿಮೆ. ನಾಳ ಬೇಗ ಪೆಡಸಾಗುವುದಕ್ಕೂ, ಯೂರಿಕ್ ಆಸಿಡ್ ಹೊರಹೋಗದೆ ಉಳಿಯುವುದಕ್ಕೂ ಬೀಜ ಅಲ್ಲೇ ಬಿದ್ದಿರಬಹುದು ಎಂದು ಹಲವು ಸಂಶೋಧಕರು ಯೋಚಿಸುತ್ತಾರೆ. ಆದ್ದರಿಂದ ಬಸುರಿಯ ಊಟ ಮುಂದೆ ಐವತ್ತು ವರ್ಷದ ನಾಳದ ವಿಚಾರವೂ ಹೌದು.

ಊಟದ ಮಾತು ಬಂತು. ಇನ್ನು ಊಟಕ್ಕೇ ಬರೋಣ. ಇಲ್ಲಿಯವರೆಗೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಅಂಕಿಯೂ ಏರುತ್ತದೆ, ನಾಳವೂ ಪೆಡಸಾಗುತ್ತದೆ ಅಂದೆ. ಹಾಗಾದರೆ ಏನು ಬಿಡಬೇಕು, ಏನು ತಿನ್ನಬೇಕು?

ಬೇಳೆ ಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ತೊಗರಿ, ಹುರುಳಿ, ಅವರೆ, ಅಲಸಂದೆ, ಸೊಪ್ಪು, ಇವುಗಳಲ್ಲಿ ಪ್ಯೂರಿನ್ ಇದೆ, ನಿಜ. ಆದರೆ ಅಮೆರಿಕದಲ್ಲಿ ಸುಮಾರು 47,000 ಗಂಡಸರನ್ನು 12 ವರ್ಷ ಗಮನಿಸಿದಾಗ, 2004ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಕಾಳು, ಸೊಪ್ಪು ತಿಂದವರಲ್ಲಿ ಹೆಚ್ಚಾಗಲಿಲ್ಲ. ಹಾಲು, ಮೊಸರು ತೆಗೆದುಕೊಂಡವರಲ್ಲಿ ಕಡಿಮೆ ಇತ್ತು. ರಾಗಿ ಮುದ್ದೆ, ಬಸ್ಸಾರು, ಮಸ್ಸೊಪ್ಪು, ಮೊಸರು, ಇದು ನಮ್ಮ ಊಟ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದರಲ್ಲಿ ಊಟ ಮಾಡುವ ಹೆಂಗಸಿಗೆ ಕಾಳೇ ಪ್ರೋಟೀನು. ಅದನ್ನೂ ಕಿತ್ತುಕೊಂಡರೆ ಅವಳ ತಟ್ಟೆಯಲ್ಲಿ ಬರೀ ಹಿಟ್ಟು, ಅನ್ನ ಉಳಿಯುತ್ತದೆ. ರಕ್ತಹೀನತೆ ಇಷ್ಟು ಇರುವ ನಾಡಿನಲ್ಲಿ ಬೇಳೆ ಬಿಡಿ ಎಂಬ ಸಲಹೆ ಅನ್ಯಾಯದ್ದು ಎಂದೇ ನಾನು ಹೇಳುತ್ತೇನೆ.

ಮಾರಿಹಬ್ಬಕ್ಕೆ ಒಂದು ದಿನ ಬಾಡೂಟ ಮಾಡಿದರೆ ನಾಳ ಪೆಡಸಾಗುವುದಿಲ್ಲ. ಅಂಕಿ ಹೆಚ್ಚಿದ್ದವರು ಲಿವರು, ಬೋಟಿ, ತಲೆಮಾಂಸ ಇವುಗಳನ್ನು ಕಡಿಮೆ ಮಾಡಲಿ. ಹೆಂಡ, ಬ್ರಾಂದಿ, ಅದರಲ್ಲೂ ಬಿಯರು, ಯೂರಿಕ್ ಆಸಿಡನ್ನು ಹೆಚ್ಚು ಹುಟ್ಟಿಸುತ್ತದೆ, ಹೊರಹೋಗದಂತೆ ತಡೆಯುತ್ತದೆ ಕೂಡ.

ಸಿಹಿಯ ಬಗ್ಗೆ ಜನ ಯೋಚಿಸುವುದೇ ಇಲ್ಲ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದು ಯಕೃತ್ತಿನಲ್ಲಿ ಕರಗುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಬಾಟಲಿಯ ತಂಪುಪಾನೀಯ ಇದರಲ್ಲಿ ಮೊದಲನೆಯದು. ಸುಮಾರು 79,000 ಅಮೆರಿಕನ್ ದಾದಿಯರನ್ನು 22 ವರ್ಷ ಗಮನಿಸಿದ ಲೆಕ್ಕ 2010ರಲ್ಲಿ ಬಂತು. ದಿನಕ್ಕೆ ಎರಡು ಸಲ ಸಿಹಿ ಪಾನೀಯ ಕುಡಿದ ಹೆಂಗಸರಲ್ಲಿ ಗೌಟ್ ಎರಡು ಪಟ್ಟಿಗೂ ಹೆಚ್ಚು. ಬೆಲ್ಲ ಆದರೆ ಪರವಾಗಿಲ್ಲ ಅಂತ ನಮ್ಮಲ್ಲಿ ನಂಬಿಕೆ. ಆಲೆಮನೆಯ ಬೆಲ್ಲದಲ್ಲೂ ಮುಖ್ಯವಾಗಿ ಇರುವುದು ಅದೇ ಸಕ್ಕರೆ. ದಿನಕ್ಕೆ ಆರು ಲೋಟ ಬೆಲ್ಲದ ಕಾಫಿ ಅಂದರೆ ಅದು ಕಡಿಮೆ ಸಿಹಿ ಅಲ್ಲ. ಸಿಹಿ ಇಲ್ಲದ ಕಾಫಿ ಕುಡಿಯಬಹುದು, ಕಾಫಿ ಕುಡಿಯುವವರಲ್ಲಿ ಯೂರಿಕ್ ಆಸಿಡ್ ಕಡಿಮೆಯೇ ಕಂಡಿದೆ.

ಇನ್ನು ನೀರು. ನಮ್ಮ ಜಿಲ್ಲೆಯ ಕರಿಕಲ್ಲಿನ ಕ್ವಾರಿಗಳಲ್ಲಿ ದುಡಿಯುವ ಅಣ್ಣಂದಿರೇ, ಬಿಸಿಲಿನಲ್ಲಿ ಬೆವರಿ ನೀರು ಕುಡಿಯದೆ ಇದ್ದರೆ ರಕ್ತ ಗಟ್ಟಿಯಾಗುತ್ತದೆ, ಯೂರಿಕ್ ಆಸಿಡ್ ಹೊರಹೋಗುವುದಿಲ್ಲ, ಮೂತ್ರಪಿಂಡ ಸೊರಗುತ್ತದೆ. ಹೊಲದಲ್ಲಿ ಕೆಲಸ ಮಾಡುವ ಅಕ್ಕಂದಿರಿಗೆ ಇನ್ನೊಂದು ಕಷ್ಟ. ಮೂತ್ರಕ್ಕೆ ಹೋಗಲು ಮರೆ ಇಲ್ಲ ಅಂತ ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಕೂಲಿಗೆ ಕರೆಯುವವರು ಇದನ್ನು ಗಮನಿಸಬೇಕು. ಮಜ್ಜಿಗೆ ಕೊಟ್ಟರೆ ಸಾಲದು, ಮರೆಯೊಂದು ಬೇಕು.

ಊಟ ಆಯಿತು, ನೀರು ಆಯಿತು. ಈಗ ಮಾತ್ರೆಯ ವಿಷಯ. ಕೆಲವು ಸಲ ಅಂಕಿ ಏರುವುದಕ್ಕೆ ಮಾತ್ರೆಯೇ ಕಾರಣ. ಕ್ಷಯರೋಗಕ್ಕೆ ಮೊದಲ ಎರಡು ತಿಂಗಳು ಕೊಡುವ ಪೈರಜಿನಮೈಡ್ ಯೂರಿಕ್ ಆಸಿಡನ್ನು ಏರಿಸುತ್ತದೆ. ಕೀಲು ನೋವೂ ಬರಬಹುದು. ಅಂಥವರು ಯಾವ ಕಾರಣಕ್ಕೂ ಕ್ಷಯದ ಮಾತ್ರೆ ನಿಲ್ಲಿಸಬಾರದು. ಕೋರ್ಸು ಮುಗಿದ ಮೇಲೆ ಅಂಕಿ ತಾನಾಗಿ ಇಳಿಯುತ್ತದೆ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳೂ ಹಾಗೆಯೇ. ಅವನ್ನೂ ನೀವಾಗಿ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ. ಲೋಸಾರ್ಟಾನ್‌ನಂಥ ಬಿಪಿ ಮಾತ್ರೆ ಯೂರಿಕ್ ಆಸಿಡನ್ನು ಸ್ವಲ್ಪ ಇಳಿಸುತ್ತದೆ. ಬದಲಿಸುವ ಹಾಗಿದ್ದರೆ ಅವರೇ ಬದಲಿಸುತ್ತಾರೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಕೇಳುಗರಿಗೂ ಒಂದು ಮಾತು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸಿಕಲ್ ಸೆಲ್ ಕಾಯಿಲೆಯನ್ನು ನಿಮ್ಮಲ್ಲಿ ಗುರುತಿಸಿ ಚಿಕಿತ್ಸೆ ಕೊಡುತ್ತಾ ಬಂದಿದೆ. ಆ ಕಾಯಿಲೆಯಲ್ಲಿ ರಕ್ತಕಣಗಳು ಬೇಗ ಒಡೆಯುತ್ತವೆ. ಒಡೆದಷ್ಟೂ ಯೂರಿಕ್ ಆಸಿಡ್ ಹೆಚ್ಚು. ಅಲ್ಲಿ ಅಂಕಿ ಏರಿದ್ದಕ್ಕೆ ಊಟವೂ ಕಾರಣವಲ್ಲ, ವಯಸ್ಸೂ ಕಾರಣವಲ್ಲ.

ಇನ್ನು, ಯೂರಿಕ್ ಆಸಿಡ್ ಇಳಿಸುವ ಮಾತ್ರೆ. ಅಲೋಪ್ಯೂರಿನಾಲ್ 1966ರಿಂದ ಇದೆ. ಅದನ್ನು ರೂಪಿಸಿದವರಲ್ಲಿ ಗರ್ಟ್ರೂಡ್ ಎಲಿಯನ್ ಎಂಬ ಮಹಿಳಾ ವಿಜ್ಞಾನಿ ಒಬ್ಬರು. ಅವರಿಗೂ ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್ ಅವರಿಗೂ 1988ರಲ್ಲಿ ನೊಬೆಲ್ ಬಂತು. ಗೌಟ್ ಮರುಕಳಿಸುವವರಿಗೆ ಇದು ನಿಜವಾಗಿ ಒಳ್ಳೆಯ ಮಾತ್ರೆ. ಆದರೆ ನೋವಿಲ್ಲ, ಕಲ್ಲಿಲ್ಲ, ಬರೀ ಅಂಕಿ ಸ್ವಲ್ಪ ಹೆಚ್ಚು ಅಂದರೆ ಬೇಕೇ? ಬ್ರಿಟನ್ನಿನಲ್ಲಿ ಗೌಟ್ ಇಲ್ಲದ, ಅರವತ್ತು ದಾಟಿದ, ಹೃದಯದ ಕಾಯಿಲೆ ಇರುವ ಸುಮಾರು 5,700 ಜನರಲ್ಲಿ ಇದನ್ನು ಪರೀಕ್ಷಿಸಿದರು. 2022ರಲ್ಲಿ ಫಲಿತಾಂಶ ಬಂತು. ಐದು ವರ್ಷದ ಹತ್ತಿರ ಮಾತ್ರೆ ತಿಂದರೂ ಹೃದಯಾಘಾತ, ಲಕ್ವ, ಸಾವು ಕಡಿಮೆಯಾಗಲಿಲ್ಲ. ಒಂದು ಸಂಗತಿಯನ್ನು ಗಮನಿಸಿ. ಅವರಲ್ಲಿ ನಾಲ್ವರಲ್ಲಿ ಮೂವರು ಗಂಡಸರು. ಹೆಂಗಸರನ್ನೇ ಮುಂದಿಟ್ಟುಕೊಂಡು ಇಂಥ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ, ಬರೀ ಅಂಕಿ ನೋಡಿ ಮೆಡಿಕಲ್ ಶಾಪಿನಿಂದ ಈ ಮಾತ್ರೆ ತಂದು ನುಂಗಬೇಡಿ. ಕೆಲವರಿಗೆ ಇದರಿಂದ ಮೈಮೇಲೆಲ್ಲ ಗುಳ್ಳೆ ಎದ್ದು ಚರ್ಮ ಸುಲಿಯುವ, ಜೀವಕ್ಕೇ ಅಪಾಯ ತರುವ ಅಲರ್ಜಿ ಆಗುತ್ತದೆ. ಡಾಕ್ಟರು ಬರೆದುಕೊಟ್ಟು ತಿನ್ನುತ್ತಿರುವವರು ಮಾತ್ರ ನನ್ನ ಮಾತು ಕೇಳಿ ನಿಲ್ಲಿಸಬಾರದು.

ನಾಳದ ಪೆಡಸುತನವನ್ನು ತಡೆಯಲು ಖಚಿತವಾಗಿ ಕೆಲಸ ಮಾಡುವ ದಾರಿಗಳು ಬೇರೆ ಇವೆ. ಬಿಪಿಯನ್ನು ಹತೋಟಿಯಲ್ಲಿ ಇಡುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿ ಇಡುವುದು, ಉಪ್ಪು ಕಡಿಮೆ ಮಾಡುವುದು, ಬೀಡಿ ಮತ್ತು ಕಡ್ಡಿಪುಡಿ ಬಿಡುವುದು, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಪುಕ್ಕಟೆ. ಹೆಚ್ಚು ಕಂಡರೆ ಚಾಮರಾಜನಗರದಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೊದಲಿನ ಹಾಗೆ ಎಲ್ಲದಕ್ಕೂ ಮೈಸೂರಿಗೆ ಓಡಬೇಕಾಗಿಲ್ಲ.

ಕೊನೆಯದಾಗಿ ತಾಯಂದಿರಿಗೆ ಒಂದು ವಿಷಯ, ಯಾರೂ ಕೇಳದೆ ಬಿಟ್ಟುಬಿಡುವ ವಿಷಯ. ಬಸುರಿಯಾಗಿದ್ದಾಗ ಕೆಲವರಿಗೆ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ, ಕೈಕಾಲು ಊದುತ್ತದೆ. ಆ ಹೊತ್ತಿನಲ್ಲಿ ಯೂರಿಕ್ ಆಸಿಡ್ ಕೂಡ ಏರಿರುತ್ತದೆ. ಹೆರಿಗೆ ಆದ ಮೇಲೆ ಎಲ್ಲ ಸರಿಹೋಯಿತು ಅಂತ ಮನೆಯವರು ಮರೆಯುತ್ತಾರೆ. ನಾಳ ಮರೆಯುವುದಿಲ್ಲ. ಹಾಗೆ ಬಿಪಿ ಬಂದಿದ್ದ ತಾಯಂದಿರಿಗೆ ಮುಂದೆ ಹೃದಯದ ಕಾಯಿಲೆಯ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅಂಥವರು ಮುಟ್ಟು ನಿಲ್ಲುವ ತನಕ ಕಾಯದೆ ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಳ್ಳಬೇಕು. ಹೆರಿಗೆಯ ಕಾಲದ ತಾಯಿ ಕಾರ್ಡಿನಲ್ಲಿ ಆ ಬಿಪಿಯ ಅಂಕಿಗಳೆಲ್ಲ ಬರೆದಿರುತ್ತವೆ. ಮಗು ದೊಡ್ಡದಾಯಿತಲ್ಲ ಅಂತ ಅದನ್ನು ಎಸೆಯಬೇಡಿ. ಮುಂದಿನ ಸಲ ಯೂರಿಕ್ ಆಸಿಡ್ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗುವಾಗ ಆ ಕಾರ್ಡನ್ನೂ ಜೊತೆಗೆ ಒಯ್ಯಿರಿ. ಬಸುರಿಯಾಗಿದ್ದಾಗ ಬಿಪಿ ಇತ್ತು, ಮುಟ್ಟು ಇಂಥ ವರ್ಷ ನಿಂತಿತು, ಗರ್ಭಕೋಶ ಇಂಥ ವರ್ಷ ತೆಗೆಸಿದೆ ಅಂತ ಅವರು ಕೇಳುವ ಮುಂಚೆಯೇ ಹೇಳಿ.